ಚೈನು ಬಿಚ್ಚುವ ಪಾರ್ಕಿನಲ್ಲಿ ಚೈನು ಕಡ್ಡಾಯ

ಮುಂಬೈಯ ಉಪನಗರಗಳಿಗೆ ಈಗ ಶ್ವಾನ ಉದ್ಯಾನದ ಹುಕಿ ಬಂದಿದೆ. ನಾಯಿಯ ಚೈನು ಬಿಚ್ಚಿ ಮನಸೋ ಇಚ್ಛೆ ಓಡಲು ಬಿಡುವ ಜಾಗ ಅದು ಎಂದು ಆಮಂತ್ರಣ ಪತ್ರಿಕೆಯಲ್ಲಿ ಇರುತ್ತದೆ. ಒಳಗೆ ಕಾಲಿಟ್ಟರೆ ಎದುರಿಗೆ ಬೋರ್ಡು. ನಿಯಮ 1: ನಾಯಿಗಳಿಗೆ ಚೈನು ಕಡ್ಡಾಯ. ನಿಯಮ 2: ಹುಲ್ಲಿನ ಮೇಲೆ ಓಡಾಡಬಾರದು. ನಿಯಮ 3: ಗಲಾಟೆ ಮಾಡಬಾರದು. ಪಕ್ಕದ ಗಾರ್ಡನ್ನಿನ ಬೋರ್ಡನ್ನೇ ಇಳಿಸಿಕೊಂಡು 'ಮಕ್ಕಳು' ಇದ್ದಲ್ಲಿ 'ನಾಯಿಗಳು' ಎಂದು ತಿದ್ದಿದ್ದಾರೆ, ಅಷ್ಟೆ.

ಮಿಕ್ಕಿದ್ದಕ್ಕೆ ಕೊರತೆಯಿಲ್ಲ. ಎಂಟಡಿಯ ಫೈಬರ್ ಎಲುಬು, ಸೆಲ್ಫಿ ಪಾಯಿಂಟು, ರಾತ್ರಿ ಮಿನುಗುವ 'ಐ ಲವ್' ಅಕ್ಷರಗಳು, ಕಾರಂಜಿ ಎರಡು. ಮದುವೆಯ ಗಡಿಬಿಡಿಯಲ್ಲಿ ತಾಳಿ ತರುವುದು ಮರೆತ ಹಾಗೆ ಮರೆತದ್ದು ಎರಡನೆಯ ಗೇಟು ಮಾತ್ರ.

ನಾಯಿ ಪಾರ್ಕಿಗೆ ಗೇಟು ಎರಡಿರಬೇಕು, ನಡುವೆ ಆರಡಿಗೆ ಆರಡಿಯ ಪಂಜರದಂಥ ಜಾಗ. ಹೊರಗಿನ ಗೇಟು ದಾಟಿ ಅದನ್ನು ಹಾಕಿಕೊಂಡು, ಅಲ್ಲೇ ಚೈನು ಬಿಚ್ಚಿ, ಆಮೇಲೆ ಒಳಗಿನದನ್ನು ತೆಗೆಯಬೇಕು. ಒಂದೇ ಗೇಟಿದ್ದರೆ ಒಬ್ಬರ ಲ್ಯಾಬ್ರಡಾರ್ ಒಳಗೆ ಬರುವಷ್ಟರಲ್ಲಿ ಇನ್ನೊಬ್ಬರ ಬೀಗಲ್ ಎಲ್‌ಬಿಎಸ್ ರಸ್ತೆಯ ರಿಕ್ಷಾಗಳ ನಡುವೆ ಇರುತ್ತದೆ. ಚೈನು ಹಾಕಿಕೊಂಡೇ ಒಳಗೆ ಹೋದರೆ ಇನ್ನೂ ಕಷ್ಟ. ಬಿಟ್ಟ ನಾಯಿಗಳು ನಾಲ್ಕೂ ಕಡೆಯಿಂದ ಮೂಸಲು ಬಂದಾಗ ಕಟ್ಟಿದ ನಾಯಿಗೆ ಓಡಲು ದಾರಿಯಿಲ್ಲ, ಹೆದರಿ ಕಚ್ಚುತ್ತದೆ. ಅಂದರೆ ನಿಯಮ 1 ಜಗಳಕ್ಕೆ ಕೊಟ್ಟ ಲೈಸೆನ್ಸು. ಟೆಂಡರಿನಲ್ಲಿ 'ಕಾರಂಜಿ, ನಗ 2. ಗೇಟು, ನಗ 1' ಎಂದು ಬರೆದಾಗಿದೆ. ಸೊಸೈಟಿಯ ಶೆಟ್ರು ತಡೆಯಲಾರದೆ ಕಾಂಟ್ರಾಕ್ಟರನ್ನು ಕೇಳುತ್ತಾರೆ. ಅವರೂ ಕುಂದಾಪುರದ ಕಡೆಯವರೇ.

"ಇನ್ನೊಂದು ಗೇಟ್ ಎಲ್ಲಿ ಮಾರಾಯ್ರೇ?"

"ಎಂತಕ್ಕೆ ಶೆಟ್ರೇ? ಬಂದ ಗೇಟಲ್ಲೇ ನಾಯಿ ವಾಪಸ್ ಹೋಗ್ತದಲ್ಲ?"

"ಅದೇ ತೊಂದರೆ ಮಾರಾಯ್ರೇ!"

ಇದ್ದೊಂದು ಗೇಟಿನ ಚಿಲಕವೋ, ಸಾದಾ ಕಬ್ಬಿಣದ್ದು. ಜೂನಿನಲ್ಲಿ ಮಳೆ ಹಿಡಿದರೆ ಆಗಸ್ಟಿಗೆ ತುಕ್ಕು ತಿಂದು ಕೂರುತ್ತದೆ. ಕಡಲ ಗಾಳಿಯ ಊರಿನಲ್ಲಿ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಚಿಲಕ ಮತ್ತು ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ತಿರುಗಣಿ ಹಾಕಬೇಕು. ಅದರ ಬದಲು ಗಣಪತಿ ಹಬ್ಬದ ಮಂಟಪದಿಂದ ಉಳಿದ ಸುತಲಿ ಹಗ್ಗ ಕಟ್ಟಿರುತ್ತದೆ. ಗಂಟು ಬಿಚ್ಚುವುದು ವಾಚ್‌ಮನ್‌ಗೆ ಮಾತ್ರ ಗೊತ್ತು, ಅವನು ಚಹಾಕ್ಕೆ ಹೋಗಿರುತ್ತಾನೆ.

ಬೇಲಿಯ ಅಂದ ಇನ್ನೊಂದು ಕಥೆ. ಅರಮನೆಗೆ ಹೊಂದುವಂಥ ಗ್ರಿಲ್, ತುದಿಗೆ ಬಂಗಾರದ ಬಣ್ಣದ ಈಟಿ. ಎತ್ತರ ನಾಲ್ಕಡಿ. ನಮ್ಮ ದೇಶಿ ನಾಯಿಗೆ ನಾಲ್ಕಡಿ ಹಾರುವುದು ಕಟ್ಟೆ ಹತ್ತಿದಷ್ಟೇ ಸಲೀಸು. ಒಂದಂಗುಲ ತಪ್ಪಿದರೆ ಹೊಟ್ಟೆ ಈಟಿಯ ಮೇಲೆ. ಸರಳುಗಳ ನಡುವೆ ಐದಂಗುಲ ಸಂದು: ಪೊಮೇರಿಯನ್ ಪಾರಾಗುತ್ತದೆ, ಬೀಗಲ್ಲಿನ ತಲೆ ಸಿಕ್ಕಿಕೊಳ್ಳುತ್ತದೆ. ನೆಲದ ಮೇಲೆ ಐದೂವರೆ ಅಡಿಯ ಸಾದಾ ಜಾಲರಿ ಹಾಕಿ, ಇನ್ನೊಂದಡಿ ಮಣ್ಣಿನೊಳಗೆ ಹೂತಿದ್ದರೆ ಕೆರೆದು ನುಸುಳುವುದೂ ನಿಲ್ಲುತ್ತಿತ್ತು. ಆದರೆ ಜಾಲರಿ ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲವಲ್ಲ.

ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು. ಏಪ್ರಿಲ್ ಬಿಸಿಲಿಗೆ ಅದು ಕಾವಲಿ, ಅಂಗೈ ಐದು ಸೆಕೆಂಡು ಇಟ್ಟು ನೋಡಿದರೆ ಸಾಕು. ಅದರ ಕೆಳಗೆ ಸೇರಿದ ಮೂತ್ರ ಹೊರಗೆ ಹೋಗುವುದಿಲ್ಲ, ವಾಸನೆ ಮಾತ್ರ ಬರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಕಂಡ ಊರಿದು. ಇಲ್ಲಿ ನೂರಡಿಗೆ ಒಂದೆರಡು ಅಡಿ ಇಳಿಜಾರು, ಅಂಚಿಗೆ ಚರಂಡಿ ಇಲ್ಲದೆ ಪಾರ್ಕು ಮಾಡಿದರೆ ಅದು ಶ್ವಾನ ಸರೋವರ. ನಿಂತ ನೀರಿಗೆ ಇಲಿ ಮೂತ್ರ ಸೇರಿದರೆ ಲೆಪ್ಟೋಸ್ಪೈರೋಸಿಸ್, ಅಂದರೆ ಇಲಿಜ್ವರ. ನಾಯಿಗೂ ಬರುತ್ತದೆ, ಹಿಡಿದುಕೊಂಡವರಿಗೂ ಬರುತ್ತದೆ.

ವಾಸನೆಗೆ ಮದ್ದು ಫಿನಾಯಿಲ್. ಸಾಹೇಬರು ಬರುವ ದಿನ ಅಂಚಿನುದ್ದಕ್ಕೂ ಬ್ಲೀಚಿಂಗ್ ಪೌಡರಿನ ರಂಗೋಲಿ. ನಾಯಿಮರಿಗಳನ್ನು ವಾಂತಿಭೇದಿಯಿಂದ ಕೊಲ್ಲುವ ಪಾರ್ವೊ ವೈರಸ್ಸಿಗೆ ಫಿನಾಯಿಲ್ ಎಂದರೆ ಪನ್ನೀರು. ನೆರಳಿನ ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಬದುಕಿರುತ್ತದೆ. ಗಟ್ಟಿ ನೆಲವನ್ನು ಮೊದಲು ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷ ಒದ್ದೆಯಾಗಿಯೇ ಬಿಟ್ಟರೆ ಸಾಯುತ್ತದೆ. ಮಣ್ಣಿಗೂ ಹೊಲಸಿಗೂ ಸುರಿದರೆ ಬ್ಲೀಚಿನ ಶಕ್ತಿ ಅಲ್ಲೇ ಮುಗಿಯಿತು. ಅದಕ್ಕೇ ಲಸಿಕೆ ಪೂರ್ತಿಯಾಗದ ಮರಿಯನ್ನು ಒಳಗೆ ಬಿಡಬಾರದು. ಗೇಟಿನಲ್ಲಿ ಕೇಳುವುದು ಮಾತ್ರ ಯಜಮಾನರ ಆಧಾರ್ ಕಾರ್ಡು. ನಾಯಿಯ ಲಸಿಕೆ ಕಾರ್ಡು ತೋರಿಸಹೋದರೆ "ಇದು ನಡೆಯೋದಿಲ್ಲ, ಫೋಟೋ ಐಡಿ ಬೇಕು" ಎನ್ನುತ್ತಾರೆ.

ಇನ್ನು ಮುಖ್ಯ ವಿಷಯ, ಕಕ್ಕ. ಮಧ್ಯಮ ಗಾತ್ರದ ನಾಯಿ ದಿನಕ್ಕೆ ಸುಮಾರು 300 ಗ್ರಾಂ ಹಾಕುತ್ತದೆ. ಅರವತ್ತು ನಾಯಿ ಬಂದು ಅರ್ಧದಷ್ಟನ್ನು ಪಾರ್ಕಿನಲ್ಲೇ ಮುಗಿಸಿದರೂ ದಿನಕ್ಕೆ ಒಂಬತ್ತು ಕಿಲೋ. ಬೇಕಾದದ್ದು ಮುಚ್ಚಳದ ಡಬ್ಬಿ ನಾಲ್ಕು, ಚೀಲ, ಮೊರ, ದಿನಕ್ಕೆರಡು ಸಲ ಎತ್ತುವ ಒಬ್ಬ ಮನುಷ್ಯ. ಆ ಮನುಷ್ಯನ ಸಂಬಳ ಯಾವ ಖಾತೆಯಿಂದ? ಉದ್ಯಾನದವರು ಕಸದವರತ್ತ ಕೈ ತೋರಿಸುತ್ತಾರೆ. ಕಸದವರು ಇದು ಹಸಿ ಕಸವೂ ಅಲ್ಲ, ಒಣ ಕಸವೂ ಅಲ್ಲ ಎಂದು ವೇದಾಂತ ಹೇಳುತ್ತಾರೆ. ಪಶುವೈದ್ಯಕೀಯದವರನ್ನು ಕೇಳೋಣವೆಂದರೆ, ಮುಂಬೈ ಪಾಲಿಕೆಯಲ್ಲಿ ನಾಯಿಗಳ ವ್ಯವಹಾರ ನೋಡುವ ಆ ವಿಭಾಗ ದೇವನಾರ್ ಕಸಾಯಿಖಾನೆಯ ಜನರಲ್ ಮ್ಯಾನೇಜರರ ಕೈಕೆಳಗೆ ಬರುತ್ತದೆ. ಇದು ನಮ್ಮ ಕುಹಕವಲ್ಲ, ಏರ್ಪಾಡೇ ಹಾಗೆ. ಕೊನೆಗೆ ಕಕ್ಕ ಒಣಗಿ, ಮಳೆಗೆ ಕರಗಿ, ತಾನೇ ಸಮಸ್ಯೆ ಪರಿಹರಿಸಿಕೊಳ್ಳುತ್ತದೆ. ಕೊಕ್ಕೆಹುಳದ ಮೊಟ್ಟೆಯನ್ನು ಮಾತ್ರ ಮಣ್ಣಿಗೆ ಬಿಟ್ಟು ಹೋಗುತ್ತದೆ.

ಸಣ್ಣ ನಾಯಿಗಳಿಗೆ, ಅಂದರೆ ಹತ್ತು ಕಿಲೋ ಒಳಗಿನವಕ್ಕೆ, ಬೇರೆ ಅಂಕಣ ಬೇಕು. ಅದನ್ನೂ ಕಟ್ಟಿದ್ದಾರೆ. ಅಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ.

ಸಮಯ ಬೆಳಿಗ್ಗೆ 10ರಿಂದ ಸಂಜೆ 5. ನಾಯಿಗೆ ಅವಸರವಾಗುವುದು ಬೆಳಿಗ್ಗೆ ಆರಕ್ಕೆ, ರಾತ್ರಿ ಒಂಬತ್ತಕ್ಕೆ. ಹಾಗಾಗಿ ಪಾರ್ಕು ತೆರೆದಿರುವಷ್ಟು ಹೊತ್ತು ನಾಯಿಗಳಿಲ್ಲ, ಕಾಲೇಜು ಜೋಡಿಗಳಿವೆ.

ಒಂದು ನಾಯಿ ಮಾತ್ರ ಉಂಟು. ಕಂದು ಬಣ್ಣ, ಎಡಗಿವಿಯ ತುದಿ ಕತ್ತರಿಸಿದೆ, ಸಂತಾನಹರಣವಾದ ಗುರುತು. ಪ್ರಾಣಿ ಜನನ ನಿಯಂತ್ರಣದ 2023ರ ನಿಯಮಗಳ ಪ್ರಕಾರ ಬೀದಿನಾಯಿಯನ್ನು ಹಿಡಿದು, ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ಇದನ್ನು ಹಿಡಿದಾಗ ಇದು ಬಯಲು. ತಂದು ಬಿಟ್ಟಾಗ ಸುತ್ತ ಈಟಿ ಬೇಲಿ ಎದ್ದಿತ್ತು. ನಿಯಮ 14 ಹೇಳುತ್ತದೆ: ಬೀದಿನಾಯಿಗಳಿಗೆ ಪ್ರವೇಶವಿಲ್ಲ. ಅದು ಆ ಬೋರ್ಡಿನ ಕಂಬಕ್ಕೇ ಕಾಲೆತ್ತಿ, ಫೈಬರ್ ಎಲುಬಿನ ನೆರಳಿಗೆ ಹೋಗಿ ಮಲಗುತ್ತದೆ. ಚಹಾ ಮುಗಿಸಿ ಬಂದ ವಾಚ್‌ಮನ್ ಅದಕ್ಕೆ ಎರಡು ಪಾರ್ಲೆ-ಜಿ ಹಾಕಿ, ಸುತಲಿ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದು, ಹೊರಗೆ ಲ್ಯಾಬ್ರಡಾರ್ ಹಿಡಿದು ನಿಂತವರಿಗೆ ಹೇಳುತ್ತಾನೆ: ಐದು ಗಂಟೆ ಆಯ್ತು, ನಾಳೆ ಬನ್ನಿ.