ಕೆಂಪು ಮುಚ್ಚಳದ ಸಿರಿಂಜು

ಹನ್ನೆರಡು ವರ್ಷಗಳ ಹಿಂದಿನ ಮಾತು. ರಾತ್ರಿ ಪಾಳಿ. ಮೂವತ್ತು ಹಾಸಿಗೆಗಳ ವಾರ್ಡಿಗೆ ನಾವಿಬ್ಬರೇ ನರ್ಸುಗಳು. ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರಿಗೆ ಮಲಗುವ ಮುನ್ನ 20 ಯೂನಿಟ್ ಗ್ಲಾರ್ಜಿನ್ ಇನ್ಸುಲಿನ್ ಕೊಡಬೇಕಿತ್ತು. ಮಗ ಹೊರಗಿನ ಔಷಧಿ ಅಂಗಡಿಯಿಂದ ತಂದ ಸೀಸೆಯಲ್ಲಿ ಮಿಲಿಲೀಟರಿಗೆ 100 ಯೂನಿಟ್. ನಮ್ಮ ಟ್ರೇಯಿಂದ ನನ್ನ ಕೈಗೆ ಬಂದದ್ದು ಕೆಂಪು ಮುಚ್ಚಳದ, 40ರ ಸಿರಿಂಜು. ಅಂದರೆ, ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ನಿಗೆಂದು ಗೆರೆ ಹಾಕಿದ್ದು. ದಿನವೂ ಎಳೆಯುವಂತೆ 20ರ ಗೆರೆಯವರೆಗೆ ಎಳೆದೆ. ಆ ಗೆರೆಗೆ ಅರ್ಧ ಮಿಲಿಲೀಟರ್ ಹಿಡಿಯುತ್ತದೆ. ಅಜ್ಜಿಯ ಮೈಗೆ ಹೋದದ್ದು 50 ಯೂನಿಟ್.

ಬೆಳಗಿನ ಜಾವ ಮಗ ಓಡಿ ಬಂದರು. "ಸಿಸ್ಟರ್, ಅಮ್ಮ ಮಾತನಾಡುತ್ತಿಲ್ಲ, ಮೈಯೆಲ್ಲ ಬೆವರು." ಗ್ಲುಕೋಮೀಟರ್ ರಕ್ತದ ಸಕ್ಕರೆ 34 ಎಂದು ತೋರಿಸಿತು, ತೀರಾ ಕಡಿಮೆ. ರಕ್ತನಾಳಕ್ಕೆ ಡೆಕ್ಸ್ಟ್ರೋಸ್ (ಸಕ್ಕರೆ ದ್ರಾವಣ) ಹೋದ ಮೇಲೆ ಅಜ್ಜಿ ಕಣ್ಣು ಬಿಟ್ಟರು. ಆದರೆ ಗ್ಲಾರ್ಜಿನ್ ಇಡೀ ದಿನ ಕೆಲಸ ಮಾಡುವ ಇನ್ಸುಲಿನ್. ಮರುದಿನ ರಾತ್ರಿಯವರೆಗೂ ಡ್ರಿಪ್, ಗಂಟೆಗೊಮ್ಮೆ ಬೆರಳಿಗೆ ಸೂಜಿ.

"ಎಷ್ಟು ಕೊಟ್ಟಿರಿ?" ಎಂದು ಡಾಕ್ಟರು ಕೇಳಿದಾಗ "ಇಪ್ಪತ್ತು" ಎಂದೆ. ಹಾಗೆಂದೇ ನಂಬಿದ್ದೆ. ಸೀಸೆಯನ್ನು ಮತ್ತೆ ಕೈಗೆತ್ತಿಕೊಂಡಾಗ ಕಾಲಿನ ಬಲವೇ ಹೋಯಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದೆ. ಡಾಕ್ಟರ ಜೊತೆ ನಿಂತು ಮಗನಿಗೂ ಹೇಳಿದೆ. ಅವರು ಕ್ಷಮಿಸಿದರೋ ಇಲ್ಲವೋ ತಿಳಿಯದು. ಅಲ್ಲಿಂದ ಮುಂದೆ ನಾನು ಇಂಜೆಕ್ಷನ್ ಹಿಡಿದು ಬಂದಾಗಲೆಲ್ಲ ಎದ್ದು ನಿಂತು ನೋಡುತ್ತಿದ್ದರು. ಅದು ಅವರ ಹಕ್ಕು.

ನನಗೆ ಮೆಮೊ ಬಂತು: ಇನ್ನು ಮುಂದೆ ಜಾಗರೂಕತೆಯಿಂದ ಕರ್ತವ್ಯ ನಿರ್ವಹಿಸತಕ್ಕದ್ದು. ಸಹಿ ಹಾಕಿದೆ. ಕೆಂಪು ಮುಚ್ಚಳದ 40ರ ಸಿರಿಂಜು, ಕಿತ್ತಳೆ ಮುಚ್ಚಳದ 100ರ ಸಿರಿಂಜು ಅದೇ ಟ್ರೇಯಲ್ಲಿ ಹಾಗೆಯೇ ಉಳಿದವು! ನನಗೆ ಇಂದಿಗೂ ಸಿಟ್ಟು ಬರುವುದು ಇದಕ್ಕೇ. ಎರಡು ತಿಂಗಳಲ್ಲಿ ಇನ್ನೊಬ್ಬಳು ಹಾಗೆಯೇ ಎಳೆದಳು. ಪಕ್ಕದಲ್ಲಿದ್ದ ನಾನು ಕೈ ಹಿಡಿದೆ. ಆಮೇಲೆ ಹೆಡ್ ಸಿಸ್ಟರ್ ಎರಡನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿಸಿದರು. ಇನ್ಸುಲಿನ್ ಎಳೆದವರು ಸೀಸೆ, ಸಿರಿಂಜು ಎರಡನ್ನೂ ಇನ್ನೊಬ್ಬರಿಗೆ ತೋರಿಸಬೇಕು ಎಂದರು. ಅರ್ಧ ನಿಮಿಷದ ಕೆಲಸ. (ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಇಂದೇ ಸೀಸೆಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಹೋಲಿಸಿ ನೋಡಿ. 40ರ ಸೀಸೆಗೆ 100ರ ಸಿರಿಂಜು ಬಳಸಿದರೆ ಔಷಧಿ ಅರ್ಧದಷ್ಟೂ ಹೋಗುವುದಿಲ್ಲ.)

ತಪ್ಪು ಮಾಡಿದ ವೈದ್ಯರನ್ನು 'ಎರಡನೆಯ ಬಲಿಪಶು' ಎಂದು ಆಲ್ಬರ್ಟ್ ವೂ ಎಂಬ ಅಮೆರಿಕದ ವೈದ್ಯರು 2000ದಲ್ಲಿ ಬರೆದರು. ಆ ಪದ ನನಗೆ ಒಗ್ಗುವುದಿಲ್ಲ. ಸಾವಿನ ಬಾಗಿಲವರೆಗೆ ಹೋಗಿ ಬಂದದ್ದು ಅಜ್ಜಿ, ನಾನಲ್ಲ. ಆದರೂ ತಿಂಗಳುಗಟ್ಟಲೆ ನಿದ್ದೆ ಬಾರದೆ, ಹತ್ತಿಯಲ್ಲಿ ಚರ್ಮ ಒರೆಸುವಾಗ ಕೈ ನಡುಗುತ್ತಿದ್ದದ್ದು ಸುಳ್ಳಲ್ಲ. ಆ ದಿನಗಳಲ್ಲಿ ಹೆಡ್ ಸಿಸ್ಟರ್ ನನಗೆ ರಜೆ ಹಾಕಲು ಹೇಳಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ. ತಾವು ಹಿಂದೆ ಮಾಡಿದ್ದ ಒಂದು ತಪ್ಪನ್ನು ಹೇಳಿಕೊಂಡರು. ಅಂದು ರಾತ್ರಿ ನಿದ್ದೆ ಹತ್ತಿತು.

ಕಳೆದ ವಾರ ಕಿರಿಯ ನರ್ಸ್ ಒಬ್ಬಳು, ಯಾರೂ ಕೇಳುವ ಮೊದಲೇ, "ಅಕ್ಕಾ, ಬೇರೆ ಬಾಟಲಿ ಏರಿಸಿಬಿಟ್ಟೆ" ಎಂದು ಬಂದಳು. ಡ್ರಿಪ್ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ, ರೋಗಿಯ ಪಕ್ಕದಲ್ಲೇ ಇದ್ದೆವು. ಅವರಿಗೆ ಏನೂ ಆಗಲಿಲ್ಲ. ಆಮೇಲೆ ಇಬ್ಬರೂ ಸ್ಟೋರಿಗೆ ಹೋಗಿ, ಒಂದೇ ಬಣ್ಣದ ಚೀಟಿಯ ಆ ಎರಡು ಬಗೆಯ ಬಾಟಲಿಗಳನ್ನು ಬೇರೆ ಬೇರೆ ಕಪಾಟಿಗೆ ಸಾಗಿಸಿದೆವು.