ನಾಟಕ ತರಗತಿಗೆ ಮೂಡಲಪಾಯ ಕಡ್ಡಾಯವಾಗಬೇಕೆ?

ಪರ

ಚಿತ್ರದುರ್ಗ, ದಾವಣಗೆರೆ ಸೀಮೆಯ ವಿಶ್ವವಿದ್ಯಾಲಯದಲ್ಲಿ ನಾಟಕ ಕಲಿಯುವವರಿಗೆ ಮೂಡಲಪಾಯ, ಅಂದರೆ ಬಯಲುಸೀಮೆಯ ಯಕ್ಷಗಾನ, ಬೇಕೇಬೇಕು. ಇಲ್ಲಿ ನಟ ಹಾಡಬೇಕು, ಕುಣಿಯಬೇಕು, ಕುಣಿದ ಏದುಸಿರಿನಲ್ಲೇ ಮಾತು ಎತ್ತಬೇಕು. ಅದು ಬಯಲಿನ ಕೊನೆಯಲ್ಲಿ ಕೂತವರಿಗೂ ಮುಟ್ಟಬೇಕು. ಕೂತು ಮಾಡುವ ಧ್ವನಿಪಾಠದಿಂದ ಈ ಉಸಿರು ಬರುವುದಿಲ್ಲ.

ಕಲಿಕೆಗೆ ಕ್ರಮವಿದೆ. ಮೊದಲು ಕೈತಾಳ: ತ್ರಿವುಡೆ ತಾಳದ 7 ಅಕ್ಷರಗಳನ್ನು (ಎಣಿಕೆಗಳನ್ನು) 3-2-2 ಎಂದು ತಟ್ಟುತ್ತ ಪದ, ಅಂದರೆ ಆಟದ ಹಾಡು, ಹೇಳಿಸಬೇಕು. ಆಮೇಲೆ ಹೆಜ್ಜೆ, ಆಮೇಲೆ ಗೆಜ್ಜೆ. ಹೆಗಲಿಗೆ ಕಟ್ಟುವ ಭುಜಕೀರ್ತಿ, ಕಿರೀಟ ಕೊನೆಗೆ. ಆದರೆ ಪ್ರಯೋಗದ ದಿನಕ್ಕೆಂದು ಬಿಡದೆ ಕೊನೆಯ 5 ತಾಲೀಮಿಗಾದರೂ ಕಟ್ಟಿಸಬೇಕು. ಭುಜಕೀರ್ತಿ ಕಟ್ಟಿದ ಮೇಲೆ ಕತ್ತೊಂದೇ ತಿರುಗಿದರೆ ಸಾಲದು, ಎದೆಯೇ ತಿರುಗಬೇಕು. ಕಿರೀಟ ಸಡಿಲವಾದರೆ ಸುತ್ತುವಾಗ ಜಾರುತ್ತದೆ, ಬಿಗಿಯಾದರೆ ತಲೆ ಸಿಡಿಯುತ್ತದೆ; ಒಳಗೆ ಹತ್ತಿಬಟ್ಟೆ ಸುತ್ತಿಕೊಳ್ಳಬೇಕು. ಹೆಚ್ಚು ಮಂದಿ ಎಡವುವುದು ಮಾತ್ರ ಬೇರೆ ಕಡೆ, ಪದ ಮುಗಿದು ಮಾತು ಶುರುವಾಗುವಲ್ಲಿ. ಮುಖವೀಣೆ ಎಂಬ ಊದುವಾದ್ಯದ ಶ್ರುತಿಯಿಂದ ಮಾತು ಕೆಳಗೆ ಬಿತ್ತೆಂದರೆ ಪಾತ್ರವೂ ಬಿತ್ತು.

ಜೊತೆಗೆ ಕಂಪನಿ ನಾಟಕವೂ ಇರಲಿ, ದಾವಣಗೆರೆ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಮುಂದೆ ರಸ್ತೆಯ ಚಿತ್ರದ ಪರದೆ ಇಳಿಬಿಟ್ಟು ಹಾಸ್ಯ ನಡೆಸುತ್ತಲೇ ಹಿಂದೆ ಸದ್ದಿಲ್ಲದೆ ದರ್ಬಾರು ಜೋಡಿಸುವ ಜಾಣ್ಮೆ ರಂಗಸಜ್ಜಿಕೆಗೆ ಒಳ್ಳೆಯ ಪಾಠ.

ವಿರೋಧ

ಮೂಡಲಪಾಯ ಕೆಡಬಾರದೆಂದೇ ಹೇಳುವುದು: ಕಡ್ಡಾಯ ಬೇಡ. ವಾರಕ್ಕೆ 4 ಗಂಟೆಯಂತೆ 15 ವಾರ ಹಿಡಿದರೂ 60 ಗಂಟೆ. ಅದರಲ್ಲಿ ರಜೆ, ಪರೀಕ್ಷೆ ಕಳೆಯಬೇಕು. ಹಳ್ಳಿಯಲ್ಲಿ ತಿಂಗಳುಗಟ್ಟಲೆ ರಾತ್ರಿ ತಾಲೀಮು ಮಾಡಿ ಬೆಳಗಿನವರೆಗಿನ ಆಟ ಕಟ್ಟುತ್ತಾರೆ. ತರಗತಿಯಲ್ಲಿ ಅದು 40 ನಿಮಿಷದ ತುಣುಕಾಗುತ್ತದೆ. ಪಾತ್ರಗಳು ಕುಣಿಯುತ್ತ ರಂಗಕ್ಕೆ ಬರುವ ಒಡ್ಡೋಲಗ, ಯುದ್ಧದ ಕುಣಿತ ಉಳಿದು, ಕಥೆಯನ್ನು ನಿಧಾನವಾಗಿ ಬಿಚ್ಚುವ ಪದಗಳಿಗೇ ಮೊದಲು ಕತ್ತರಿ ಬೀಳುತ್ತದೆ.

ಕಲಿಸುವವರು ಯಾರು? ಪದ ಹಾಡಿ ಆಟ ನಡೆಸುವ ಭಾಗವತರಿಗೆ ಪದವಿಯಿಲ್ಲ, ಅವರು ಎರಡು ದಿನದ ಕಾರ್ಯಾಗಾರಕ್ಕಷ್ಟೇ ಅತಿಥಿ. ಅಂಕ ಹಾಕುವವರು ಆಟ ಕಲಿಯದವರು. ಉಳಿದ ದಿನಗಳಲ್ಲಿ ವಿದ್ಯಾರ್ಥಿಗಳು ವೀಡಿಯೊ ನೋಡಿ ಹೆಜ್ಜೆ ನಕಲು ಮಾಡುತ್ತಾರೆ, ಮೊಬೈಲಿನ ಹಾಡಿಗೆ ಕುಣಿಯುತ್ತಾರೆ. ಮದ್ದಳೆಗಾರ ನಟನ ಕಾಲು ನೋಡುತ್ತ ನುಡಿಸುತ್ತಾನೆ, ಉಸಿರು ಕಟ್ಟಿದಾಗ ಭಾಗವತರು ಪದವನ್ನು ಮತ್ತೊಮ್ಮೆ ಎತ್ತಿಕೊಂಡು ಕಾಯುತ್ತಾರೆ. ಮೊಬೈಲು ಯಾರಿಗೂ ಕಾಯುವುದಿಲ್ಲ.

ಸಾಣೇಹಳ್ಳಿಯ ರಂಗಶಾಲೆಯಂಥ ಕಡೆ, ಅಲ್ಲೇ ಉಳಿದು ಕಲಿಯುವವರಿಗೆ, ಮಾತು ಬೇರೆ. ಸಂಜೆ ಬಸ್ಸು ಹಿಡಿಯುವ ತರಗತಿಗೆ ಇದು ಐಚ್ಛಿಕವಾಗಿರಲಿ: ಆಸಕ್ತಿಯಿರುವ 8-10 ಮಂದಿ, ಒಬ್ಬ ಭಾಗವತರು, ಒಬ್ಬ ಮದ್ದಳೆಗಾರ, ಇಡೀ ವರ್ಷ. ರಜೆಯಲ್ಲಿ ಹಳ್ಳಿಯ ತಾಲೀಮಿಗೆ ಹೋಗಿ ಹಿಮ್ಮೇಳದಲ್ಲಿ ನಿಂತು ತಾಳ ಹಾಕಲಿ. ಅಂಕವನ್ನು ಭಾಗವತರೇ ಕೊಡಲಿ.