ಜಲಪಾತಕ್ಕೆ ಹೊರಡೋ ಮೊದಲು ವಾಪಸ್ ಬರೋ ಲೆಕ್ಕ ಹಾಕಿ

ಮಳೆ ಹಿಡಿಯುತ್ತಿದ್ದ ಹಾಗೆ ಬೆಂಗಳೂರಿನ ಆಫೀಸು, ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗುಂಪುಗಳಲ್ಲಿ ಜಲಪಾತದ ಫೋಟೊ ಓಡಾಡೋಕೆ ಶುರುವಾಗುತ್ತೆ. "ಈ ಭಾನುವಾರ ಯಾರ್ಯಾರು ಬರ್ತೀರಾ?" ಎಷ್ಟು ಕಿಲೋಮೀಟರ್ ಅಂತ ಒಬ್ಬರು ಕೇಳ್ತಾರೆ, ಹೋಗಿ ಬರೋದು ಹತ್ತು ಅಂತ ಉತ್ತರ ಬರುತ್ತೆ, ಲಾಲ್‌ಬಾಗಿನಲ್ಲಿ ದಿನಾ ನಡೆಯೋರೆಲ್ಲ ಸರಿ ಅಂತಾರೆ. ಎಷ್ಟು ಮೀಟರ್ ಇಳೀಬೇಕು, ಇಳಿದದ್ದನ್ನೆಲ್ಲ ಯಾವ ಹೊತ್ತಿನಲ್ಲಿ ಹತ್ತಬೇಕು ಅಂತ ಮಾತ್ರ ಯಾರೂ ಕೇಳಲ್ಲ.

ಬೆಟ್ಟಕ್ಕೆ ಹೋದರೆ ಕಷ್ಟ ಮೊದಲೇ ಮುಗಿಯುತ್ತೆ. ಏದುಸಿರು ಬಂದವರು ಅರ್ಧದಲ್ಲೇ ಕೂತು ವಾಪಸ್ ಇಳೀಬಹುದು. ಜಲಪಾತ ಸಾಮಾನ್ಯವಾಗಿ ಕಣಿವೆಯಲ್ಲಿರುತ್ತೆ. ಬೆಳಿಗ್ಗೆ ತಣ್ಣಗಿರುವಾಗ, ಕಾಲಲ್ಲಿ ಶಕ್ತಿ ಇರುವಾಗ ಇಳಿಜಾರು ಸಿಗುತ್ತೆ. ನೀರಲ್ಲಿ ಆಡಿ, ಹೊಟ್ಟೆ ತುಂಬ ತಿಂದು, ಶೂ ಒದ್ದೆಯಾದ ಮೇಲೆ ಏರು ಶುರು. ಆನೇಕಲ್ ಹತ್ತಿರದ ಮುತ್ಯಾಲ ಮಡುವಿನ ಮೆಟ್ಟಿಲುಗಳಲ್ಲೇ ಇದರ ಸಣ್ಣ ರುಚಿ ಸಿಗುತ್ತೆ. 350 ಮೀಟರ್ ಇಳಿಯೋ ದಾರಿ ಅಂದರೆ ವಾಪಸ್ ಬರುವಾಗ ಹತ್ತು ಮಹಡಿಯ ಅಪಾರ್ಟ್‌ಮೆಂಟಿನ ಮೆಟ್ಟಿಲನ್ನು ಹನ್ನೊಂದು ಹನ್ನೆರಡು ಸಲ ಹತ್ತಿದ ಹಾಗೆ. ಹೊರಡೋ ವಾರ ಲಿಫ್ಟ್ ಬಿಟ್ಟು ಅದರಲ್ಲಿ ಅರ್ಧದಷ್ಟಾದರೂ ಹತ್ತಿ ನೋಡಿ, ನಿಮ್ಮ ಮಂಡಿ ಏನು ಹೇಳುತ್ತೆ ಅಂತ ಗೊತ್ತಾಗುತ್ತೆ. ಎಲ್ಲ ಜಲಪಾತವೂ ಹೀಗಲ್ಲ, ಒಪ್ತೀನಿ. ಕೊಡಚಾದ್ರಿ ದಾರಿಯ ಹಿಡ್ಲುಮನೆಯಲ್ಲಿ ನೀರಿನ ಪಕ್ಕದ ಬಂಡೆ ಹಿಡಿದು ಮೇಲಕ್ಕೇ ಹೋಗಬೇಕು. ಅಲ್ಲಿ ತೊಂದರೆ ಬೇರೆ: ಹತ್ತಿದ ಒದ್ದೆ ಬಂಡೆಯನ್ನೇ ಮತ್ತೆ ಇಳಿಯೋದು ಹತ್ತಿದಷ್ಟು ಸುಲಭ ಅಲ್ಲ.

ಸಮಯದ ಲೆಕ್ಕ ಹೀಗೆ ಹಾಕಿ. ಸ್ಕಾಟ್ಲೆಂಡಿನ ನೈಸ್ಮಿತ್ ಅನ್ನೋ ಪರ್ವತಾರೋಹಿ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಚಾಲ್ತಿಯಲ್ಲಿದೆ: ಗಂಟೆಗೆ 5 ಕಿಲೋಮೀಟರ್, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ವಾರವೆಲ್ಲ ಕುರ್ಚಿಯಲ್ಲಿ ಕೂತವರಿಗೆ ಕಾಡಿನ ಬೇರು, ಕಲ್ಲಿನ ದಾರಿಯಲ್ಲಿ ಆ 5 ಆಗಲ್ಲ, 3 ಅಂತಲೇ ಹಿಡಿಯಿರಿ. ಹೋಗೋದು 5 ಕಿಲೋಮೀಟರ್, 350 ಮೀಟರ್ ಇಳಿಜಾರು ಅಂದರೆ ನಿಂತು ಕೂತು ಎರಡು ಗಂಟೆ. ಬರೋದಕ್ಕೆ ನಡಿಗೆ 1 ಗಂಟೆ 40 ನಿಮಿಷ, ಏರಿಗೆ 35 ನಿಮಿಷ, ಸುಸ್ತಿಗೆ ಮುಕ್ಕಾಲು ಗಂಟೆ, ಒಟ್ಟು ಮೂರು. ಮಳೆ ಬಂದರೆ, ಒಬ್ಬರ ಪಾದ ಉಳುಕಿದರೆ ಅದೂ ಸಾಲದು. ಅಕ್ಟೋಬರಿನಲ್ಲಿ ಸೂರ್ಯ ಮುಳುಗೋದು ಆರು ಗಂಟೆ ಆಸುಪಾಸು, ಆದರೆ ಮರದ ನೆರಳಿನಲ್ಲಿ, ಅದರಲ್ಲೂ ಕಣಿವೆಯ ತಳದಲ್ಲಿ, ಐದೂವರೆಗೇ ಕಲ್ಲು ಯಾವುದು ಗುಂಡಿ ಯಾವುದು ಅಂತ ಕಾಣಲ್ಲ.

ಹಾಗಾಗಿ ಗಡಿಯಾರವನ್ನು ಹಿಂದಿನಿಂದ ಓದಿ. ಗಾಡಿ ನಿಲ್ಲಿಸಿದ ಜಾಗಕ್ಕೆ ಸಂಜೆ 4ಕ್ಕೆ ಬಂದಿರಬೇಕು. ಅಂದರೆ ನೀರಿನ ಹತ್ತಿರದಿಂದ ಮಧ್ಯಾಹ್ನ 1ಕ್ಕೆ ಎದ್ದಿರಬೇಕು. ಅಂದರೆ 12 ಗಂಟೆಯಾದರೂ ಜಲಪಾತ ಸಿಗದಿದ್ದರೆ, ನೀರಿನ ಸದ್ದು ಕಿವಿಗೆ ಬೀಳುತ್ತಿದ್ದರೂ ಸರಿ, ತಿರುಗಿ ಹೊರಡಬೇಕು. ಈ 12 ಗಂಟೆಯ ಮಾತನ್ನು ಹೊರಡೋ ಮೊದಲೇ ಎಲ್ಲರ ಹತ್ತಿರ ಒಪ್ಪಿಸಿಕೊಳ್ಳಿ. ಅಲ್ಲಿ ಹೋಗಿ ಚರ್ಚೆಗೆ ಕೂತರೆ "ಇನ್ನೇನು ಹತ್ತು ನಿಮಿಷ" ಅನ್ನೋರೇ ಗೆಲ್ಲೋದು.

ಯಾವಾಗ ಹೋಗಬೇಕು ಅನ್ನೋದರಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಜುಲೈ, ಆಗಸ್ಟಿನಲ್ಲಿ ಘಟ್ಟದ ಜಲಪಾತವನ್ನು ರಸ್ತೆ ಬದಿಯಿಂದ, ಕಟಾಂಜನದ ಈಚೆಯಿಂದ ನೋಡಿ. ನಡೆದುಕೊಂಡು ಬುಡಕ್ಕೆ ಹೋಗೋದು ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ನಡುವೆ. ನೀರು ತಕ್ಕಮಟ್ಟಿಗೆ ಇರುತ್ತೆ, ತಳ ಕಾಣೋಷ್ಟು ತಿಳಿಯಾಗಿರುತ್ತೆ, ಜಿಗಣೆ ಕಡಿಮೆಯಾಗುತ್ತಾ ಬಂದಿರುತ್ತೆ. 2023ರ ಜುಲೈನಲ್ಲಿ ಕೊಲ್ಲೂರಿನ ಹತ್ತಿರದ ಅರಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ಕೊಚ್ಚಿಹೋದ ವಿಡಿಯೊ ನಿಮ್ಮಲ್ಲಿ ಅನೇಕರು ನೋಡಿರ್ತೀರಿ. ಆ ಹುಡುಗನನ್ನು ಬೈಯೋರು ಬಹಳ. ಅಂಥ ಬಂಡೆ ಮೇಲಿನ ಪಾಚಿ ಹೊಸಬರ ಕಣ್ಣಿಗೆ ಕಾಣೋದೇ ಇಲ್ಲ ಅನ್ನೋದನ್ನು ಹೇಳಿಕೊಡೋರು ಕಡಿಮೆ. ಹಸಿರು ಪಾಚಿಗಿಂತ ಕಪ್ಪಗೆ ಮಿರುಗೋ ಬಂಡೆ ಹೆಚ್ಚು ಮೋಸ. ಕಾಲಿಡೋ ಮೊದಲು ಶೂ ತುದಿಯಿಂದ ಉಜ್ಜಿ ನೋಡಿ. ಜಾರಿದರೆ ಸುತ್ತು ಹಾಕಿ, ಇಲ್ಲಾ ಕೂತು ಸರಿಯಿರಿ.

ನೀರನ್ನು ಓದೋದು ಕಲಿಯಲೇಬೇಕು. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಹೊಯ್ಯುತ್ತಿರಬಹುದು. ಜಲಪಾತದ ಹತ್ತಿರ ತಲುಪಿದ ಕೂಡಲೇ ನೀರು ಮುಟ್ಟುತ್ತಿರೋ ಅಂಚಿನಲ್ಲಿ ಒಂದು ಬಿಳಿ ಕಲ್ಲಿಡಿ. ಕಾಲು ಗಂಟೆಗೊಮ್ಮೆ ಒಬ್ಬರು ಅದನ್ನು ನೋಡಲಿ. ಕಲ್ಲು ಮುಳುಗಿತೋ, ತಿಳಿನೀರು ಚಹಾ ಬಣ್ಣಕ್ಕೆ ತಿರುಗಿತೋ, ಎಲೆ ಕಡ್ಡಿ ಒಟ್ಟೊಟ್ಟಿಗೆ ತೇಲಿ ಬರತೊಡಗಿತೋ, ಸದ್ದು ದಪ್ಪವಾಯಿತೋ, ಚೀಲವನ್ನೂ ನೋಡದೆ ಮೇಲಕ್ಕೆ ಹತ್ತಿ. ಕನಕಪುರ ಕಡೆಯ ಚುಂಚಿ ಜಲಪಾತದಂಥ ಕಡೆ ಮಳೆಯೇ ಬೇಕಾಗಿಲ್ಲ, ಅರ್ಕಾವತಿಗೆ ಮೇಲೆ ಹಾರೋಬೆಲೆಯಲ್ಲಿ ಅಣೆಕಟ್ಟಿದೆ, ನೀರು ಬಿಟ್ಟರೆ ಹೊಳೆ ಏರುತ್ತೆ. ಧಾರೆಯ ನೇರ ಕೆಳಗೆ ನಿಲ್ಲಬೇಡಿ, ನೀರಿನ ಜೊತೆ ಕಲ್ಲೂ ಬೀಳುತ್ತೆ. ಮಡುವಿಗೆ ಹಾರಲೇಬೇಡಿ. ಬೀಳೋ ನೀರು ತಳ ಕೊರೆದಿರುತ್ತೆ, ಎರಡು ಹೆಜ್ಜೆಯಲ್ಲಿ ಮಂಡಿಯುದ್ದ ಆಳುದ್ದವಾಗಬಹುದು.

ದಾರಿಯಲ್ಲಿ ಹಳ್ಳ ದಾಟಬೇಕಾದರೆ ಅಗಲ ಇರೋ ಕಡೆ ದಾಟಿ, ಕಿರಿದಾದ ಜಾಗ ಸುಲಭ ಅನ್ನಿಸಿದರೂ ಆಳವೂ ಸೆಳೆತವೂ ಅಲ್ಲೇ ಜಾಸ್ತಿ. ಬೆನ್ನಿನ ಚೀಲದ ಸೊಂಟದ ಪಟ್ಟಿ ಬಿಚ್ಚಿರಿ, ಬಿದ್ದರೆ ಚೀಲ ಕಳಚಿಕೊಳ್ಳಲಿ. ನೀರು ಬರೋ ದಿಕ್ಕಿಗೆ ಮುಖ ಮಾಡಿ, ಕೋಲೂರಿ, ಅಡ್ಡಡ್ಡ ಸರಿಯಿರಿ. ರಭಸದ ನೀರು ಮಂಡಿ ಮೀರಿದರೆ ದಾಟೋ ಮಾತೇ ಬೇಡ. ಆಚೆ ದಡದಲ್ಲಿ ಸಿಕ್ಕಿಹಾಕಿಕೊಂಡರೆ ಎತ್ತರದ ಜಾಗದಲ್ಲಿ ಕಾಯಿರಿ, ಘಟ್ಟದ ಸಣ್ಣ ಹಳ್ಳಗಳು ಮಳೆ ನಿಂತ ಕೆಲವು ಗಂಟೆಗಳಲ್ಲಿ ಇಳಿಯುತ್ತವೆ. ಬ್ಯಾಗಿನಲ್ಲಿ ತಲೆಗೆ ಕಟ್ಟೋ ಟಾರ್ಚ್ ಇರಬೇಕು ಅನ್ನೋದು ಇದಕ್ಕೇ.

ಕಾಲಿನ ವಿಷಯ. ಇಳಿಯುವಾಗ ಬೆರಳು ಶೂ ಮೂತಿಗೆ ಬಡಿದು ಉಗುರು ಕಪ್ಪಾಗುತ್ತೆ, ಎರಡು ದಿನ ಮೊದಲೇ ಉಗುರು ಕತ್ತರಿಸಿ, ಲೇಸನ್ನು ಪಾದದ ಗೆಣ್ಣಿನ ಹತ್ತಿರ ಬಿಗಿ ಮಾಡಿ. ಸವೆದ ಜಾಗಿಂಗ್ ಶೂ ಬೇಡ, ಅಡಿಯಲ್ಲಿ ಆಳವಾದ ಗೀರು ಇರೋ ರಬ್ಬರ್ ಬೇಕು. ಜೀನ್ಸ್ ನೆನೆದರೆ ಭಾರವಾಗಿ ತೊಡೆ ಉಜ್ಜುತ್ತೆ. ಎಲ್ಲಕ್ಕಿಂತ ಮುಖ್ಯ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟ ಇನ್ನೊಂದು ಜೊತೆ ಕಾಲುಚೀಲ. ಏರು ಶುರು ಮಾಡೋ ಮೊದಲು ಪಾದ ಒರೆಸಿ ಅದನ್ನು ಹಾಕಿಕೊಳ್ಳಿ. ವಾಪಸ್ ಬರುವಾಗ ಬೊಬ್ಬೆ ಏಳೋದು ಬಹುಪಾಲು ಒದ್ದೆ ಕಾಲುಚೀಲದಿಂದ.

ನೀರು ತಲೆಗೆ ಮೂರು ಲೀಟರ್. ಅದರಲ್ಲಿ ಒಂದು ಲೀಟರ್ ಏರಿಗೇ ಅಂತ ಮುಟ್ಟದೆ ಇಡಿ. ಓಆರ್‌ಎಸ್ ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಅರ್ಧ ಲೀಟರಿನ ಬಾಟಲಿಗೆ ಇಡೀ ಪೊಟ್ಟಣ ಸುರಿದರೆ ಉಪ್ಪು ಜಾಸ್ತಿಯಾಗಿ ವಾಂತಿ ಬರಬಹುದು. ಊಟಕ್ಕೆ ಪುಳಿಯೋಗರೆ ಅಥವಾ ಚಪಾತಿ, ಉಪ್ಪಿನಕಾಯಿ. ತೆಂಗಿನಕಾಯಿ ಚಟ್ನಿ ಮಧ್ಯಾಹ್ನಕ್ಕೆ ಹಳಸಿರುತ್ತೆ. ಜೇಬಲ್ಲಿ ಕಡಲೆಮಿಠಾಯಿ. ಕೆಳಗೆ ಅರ್ಧ ಹೊಟ್ಟೆ ತಿಂದು, ಉಳಿದದ್ದನ್ನು ಮೇಲೆ ಬಂದು ತಿನ್ನಿ.

ಅನುಮತಿ. ಮ್ಯಾಪಿನಲ್ಲಿ ಗುರುತಿದೆ ಅಂದ ಮಾತ್ರಕ್ಕೆ ಹೋಗಬಹುದು ಅಂತಲ್ಲ. ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮಗಳೊಳಗೆ ಅನುಮತಿ ಇಲ್ಲದೆ ಕಾಲಿಡೋದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಆದ ಜನಜಂಗುಳಿಯ ನಂತರ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದಿದೆ, ಅರಣ್ಯ ವಿಹಾರ ಜಾಲತಾಣದಲ್ಲಿ ನೋಡಿ. ದಿನಕ್ಕೆ ಇಷ್ಟೇ ಜನ ಅನ್ನೋ ಮಿತಿ ಒಳ್ಳೆಯದೇ ಆಯಿತು, ದಾರಿಗೂ ಉಸಿರಾಡೋಕೆ ಬಿಡಬೇಕಲ್ಲ. ಬನ್ನೇರುಘಟ್ಟ, ಕಾವೇರಿ ವನ್ಯಜೀವಿಧಾಮದ ಕಡೆ ಆನೆಗಳಿವೆ. ಅಲ್ಲಿ ಸಂಜೆ ನಾಲ್ಕರ ಗಡುವು ಕತ್ತಲೆಗಿಂತ ಅವುಗಳಿಗಾಗಿ.

ಮಲೆನಾಡಿಗಾದರೆ ಒಂದೇ ದಿನದಲ್ಲಿ ಆರು ಗಂಟೆ ಗಾಡಿ ಓಡಿಸಿ, ಆರು ಗಂಟೆ ನಡೆದು, ಮತ್ತೆ ಅದೇ ರಾತ್ರಿ ಸ್ಟೇರಿಂಗ್ ಹಿಡಿಯೋದು ಬೇಡ. ಬಸ್ಸಲ್ಲಿ ಹೋಗಿ, ಇಲ್ಲಾ ಒಂದು ರಾತ್ರಿ ಉಳಿಯಿರಿ. ಮನೆಯಲ್ಲಿ ಒಬ್ಬರಿಗೆ ಊರಿನ ಹೆಸರು, ಗಾಡಿ ನಂಬರು, ಜೊತೆಗೆ "ಸಂಜೆ ಏಳರೊಳಗೆ ಫೋನ್ ಬರದಿದ್ದರೆ 112ಕ್ಕೆ ಕರೆ ಮಾಡು" ಅನ್ನೋದನ್ನು ಬರೆದುಕೊಡಿ. ನಡೆಯುವಾಗ ನಿಧಾನದವರನ್ನು ಮುಂದೆ ಬಿಡಿ, ಗಟ್ಟಿಯವರೊಬ್ಬರು ಕೊನೆಯಲ್ಲಿರಲಿ.

ಜಿಗಣೆ ಹತ್ತಿದರೆ ಕಿತ್ತೆಳೆಯಬೇಡಿ, ಉಗುರಿನಿಂದ ಬಾಯಿ ಪಕ್ಕಕ್ಕೆ ಸರಿಸಿ. ರಕ್ತ ಸ್ವಲ್ಪ ಹೊತ್ತು ಸೋರುತ್ತೆ, ಒತ್ತಿ ಹಿಡಿದರೆ ಸಾಕು. ಹೆದರಬೇಕಾದದ್ದು ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡೋದು, ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ಆ ತಿಂಗಳುಗಳಲ್ಲಿ ಉದ್ದ ತೋಳು, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು. ಮಂಗ ಸತ್ತಿದೆ ಅನ್ನೋ ಸುದ್ದಿ ಇರೋ ಕಡೆ ಹೋಗಲೇಬೇಡಿ. ಮನೆಗೆ ಬಂದವರು ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಕಂಕುಳು, ಮಂಡಿ ಹಿಂಭಾಗ, ಕಿವಿಯ ಹಿಂದೆ ಹುಡುಕಿ ಸ್ನಾನ ಮಾಡಿ. ಮುಂದಿನ ಎರಡು ವಾರದಲ್ಲಿ ಜ್ವರ ಬಂದರೆ, ಡಾಕ್ಟರ್ ಕೇಳದಿದ್ದರೂ ಯಾವ ಕಾಡಿಗೆ, ಯಾವ ದಿನ ಹೋಗಿದ್ದಿರಿ ಅಂತ ನೀವೇ ಹೇಳಿ.